ಹಂಪಿಗೆ ಹೋಗಿ ಏನು ನೋಡಿದಿರಿ?

(ಜಗಳೂರಿನ ಸಭೆಯಲ್ಲಿ ನೀಡಿದ ಆಶೀರ್ವಚನ)



ಸುಗ್ಗಿ ಮುಗಿದು ಕೈ ಸ್ವಲ್ಪ ಬಿಡುವಾಯಿತೆಂದರೆ ಈ ಸೀಮೆಯ ಜನರಿಗೆ ಊರು ನೋಡುವ ಆಸೆ ಹುಟ್ಟುತ್ತದೆ. ಅದು ಒಳ್ಳೆಯ ಆಸೆಯೇ. ಅದರಲ್ಲಿಯೂ ನಿಮಗೆ ಹಂಪಿ ಹತ್ತಿರ. ಬೆಳಗಿನ ಜಾವ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೊರಟರೆ ಬಿಸಿಲೇರುವ ಹೊತ್ತಿಗೆ ವಿರೂಪಾಕ್ಷನ ಗೋಪುರ ಕಣ್ಣಿಗೆ ಬೀಳುತ್ತದೆ. ಹೋಗಿಬಂದವರು ಮಠಕ್ಕೆ ಬಂದಾಗ "ಏನು ನೋಡಿದಿರಿ?" ಎಂದು ನಾವು ಕೇಳುವುದುಂಟು. "ಬುದ್ಧೀ, ಕಲ್ಲಿನ ತೇರು ನೋಡಿದೆವು, ಆನೆ ಲಾಯ ನೋಡಿದೆವು, ಬಿಸಿಲು ಬಹಳ" ಎನ್ನುತ್ತಾರೆ. ಮೂರೂ ನಿಜವೇ. ಆದರೆ ಇನ್ನೂರು ವರ್ಷಕ್ಕೂ ಮಿಕ್ಕಿ ಒಂದು ದೊಡ್ಡ ರಾಜ್ಯವನ್ನು ಆಳಿದ ರಾಜಧಾನಿಯನ್ನು ನೋಡಿಬಂದವರು ಹೇಳಬೇಕಾದದ್ದು ಇಷ್ಟೇಯೆ?

ರಾಜಧಾನಿಗಳೇನು ನಿಮಗೆ ಹೊಸವಲ್ಲ. ಉಚ್ಚಂಗಿದುರ್ಗವು ನಿಮ್ಮ ಮಗ್ಗುಲಲ್ಲಿಯೇ ಇದೆ. ಅಲ್ಲಿ ನೊಳಂಬರು ಇದ್ದರು, ಪಾಂಡ್ಯರು ಇದ್ದರು. ಈಗ ನಾವು ಹೋಗುವುದು ಉಚ್ಚಂಗೆಮ್ಮನ ಜಾತ್ರೆಗೆ ಮಾತ್ರ. ಇನ್ನು ಚಿತ್ರದುರ್ಗ, 1997ರವರೆಗೆ ಜಗಳೂರು ಸೇರಿದ್ದುದು ಆ ಜಿಲ್ಲೆಗೇ. ಆ ದುರ್ಗದ ನಾಯಕರೂ ಮೊದಲು ನಾಯಕತನ ಪಡೆದದ್ದು ವಿಜಯನಗರದ ಅರಸರಿಂದಲೇ. ಹೀಗಾಗಿ ಹಂಪಿ ನಿಮಗೆ ಪರಸ್ಥಳವಲ್ಲ, ನಿಮ್ಮ ಹಿರಿಯರು ಕಪ್ಪಕಾಣಿಕೆ ಸಲ್ಲಿಸುತ್ತಿದ್ದ ಊರು.

1336ರಲ್ಲಿ ಹುಟ್ಟಿತೆಂದು ಹೇಳುವ ಆ ರಾಜ್ಯದ ಪಟ್ಟಣ 1565ರ ಜನವರಿಯಲ್ಲಿ ನಡೆದ ಒಂದು ಯುದ್ಧದಿಂದ ಹಾಳಾಯಿತು. ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರಗಳ ಸುಲ್ತಾನರು ಒಂದಾದರು. ಅಳಿಯ ರಾಮರಾಯ ಯುದ್ಧಭೂಮಿಯಲ್ಲಿಯೇ ತಲೆ ಕಳೆದುಕೊಂಡ. ಆ ಸುಲ್ತಾನರ ಜಗಳಗಳಲ್ಲಿ ಒಮ್ಮೆ ಇವನ ಕಡೆ, ಒಮ್ಮೆ ಅವನ ಕಡೆ ನಿಂತು ಆಟವಾಡಿಸುತ್ತಿದ್ದವನೂ ಇದೇ ರಾಮರಾಯನೇ ಎಂಬುದನ್ನು ಗೈಡುಗಳು ಅಷ್ಟಾಗಿ ಹೇಳುವುದಿಲ್ಲ. ಹೇಳಿದರೆ ಕಥೆಯ ರುಚಿ ಕೆಡುತ್ತದೆಯೇನೋ!

ವಿರೂಪಾಕ್ಷನ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ಒಂಬತ್ತು ನೆಲೆಯ, ಸುಮಾರು 50 ಮೀಟರು ಎತ್ತರದ ಗೋಪುರ ಅದು. ಗುಡಿಯ ಹಿಂಬದಿಯ ಕತ್ತಲೆಯ ಕೋಣೆಯಲ್ಲಿ ಸಣ್ಣ ಕಿಂಡಿಯೊಂದರ ಮೂಲಕ ಬಂದ ಬೆಳಕು ಆ ಗೋಪುರದ ನೆರಳನ್ನು ಗೋಡೆಯ ಮೇಲೆ ತಲೆಕೆಳಗಾಗಿ ತೋರಿಸುತ್ತದೆ. ಜನ ಕೈಮುಗಿದು "ಪವಾಡ" ಎನ್ನುತ್ತಾರೆ. ಪವಾಡವಲ್ಲ, ಬೆಳಕು ನೆಟ್ಟಗೆ ಹರಿಯುವುದರಿಂದ ಕಿಂಡಿಯಲ್ಲಿ ಹಾದುಬರುವಾಗ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಬೀಳುತ್ತದೆ. ಹಳೆಯ ಕಾಲದ ಪೆಟ್ಟಿಗೆ ಕ್ಯಾಮರಾದೊಳಗೂ ಆಗುತ್ತಿದ್ದುದು ಇದೇ. ಮಕ್ಕಳಿಗೆ ಹಾಗೆಂದೇ ತಿಳಿಸಿಕೊಡಿರಿ. ರಂಗಮಂಟಪದ ಎದುರಿಗೆ 1510ರ ಶಾಸನದ ಕಲ್ಲಿದೆ, ಕೃಷ್ಣದೇವರಾಯ ಪಟ್ಟಕ್ಕೆ ಬಂದ ಸಂದರ್ಭದ್ದು. ಅದರ ಮುಂದೆ ನಿಲ್ಲುವವರನ್ನು ನಾವು ಹೆಚ್ಚಾಗಿ ಕಾಣಲಿಲ್ಲ.

ಸಾಸಿವೆಕಾಳು, ಕಡಲೆಕಾಳು ಗಣಪತಿಗಳು, 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆದ ನರಸಿಂಹ, ಅದರ ಪಕ್ಕದಲ್ಲಿ ನೀರಿನೊಳಗೆ ನಿಂತ ಬಡವಿಲಿಂಗ ಇವೆಲ್ಲ ದಾರಿಯಲ್ಲಿಯೇ ಸಿಗುತ್ತವೆ. ವಿಠ್ಠಲ ದೇವಾಲಯದ ತೇರಂತೂ ಈಗ ಐವತ್ತು ರೂಪಾಯಿ ನೋಟಿನ ಮೇಲೆಯೇ ಬಂದಿದೆ. ಅದು ತೇರಿನ ಆಕಾರದ ಗುಡಿ, ಗರುಡನದು. ಅಲ್ಲಿಯ ಸಪ್ತಸ್ವರದ ಕಂಬಗಳನ್ನು ಬಡಿದೂ ಬಡಿದೂ ಕೆಡಿಸಿದ್ದರಿಂದ ಈಗ ಮುಟ್ಟದಂತೆ ತಡೆ ಹಾಕಿದ್ದಾರೆ. ಬಡಿದವರು ಹೊರಗಿನ ದಂಡಿನವರಲ್ಲ, ನಮ್ಮ ನಿಮ್ಮಂಥವರೇ. 2019ರಲ್ಲಿ ಕೆಲವು ಹುಡುಗರು ಆನೆ ಲಾಯದ ಸಮೀಪದ ಒಂದು ಗುಡಿಯ ಕಂಬವನ್ನು ದೂಡಿ ಕೆಡವಿ, ಅದನ್ನು ಚಿತ್ರ ತೆಗೆದು ಊರಿಗೆಲ್ಲ ತೋರಿಸಿಕೊಂಡರು. ನ್ಯಾಯಾಲಯವು ಅವರ ಕೈಯಿಂದಲೇ ಆ ಕಂಬವನ್ನು ಎತ್ತಿ ನಿಲ್ಲಿಸಿ, ತಲೆಗೆ 70,000 ರೂಪಾಯಿ ದಂಡ ಹಾಕಿತು. ಜೈಲಿನ ಗೋಡೆ ನೋಡಿಕೊಂಡು ಕೂಡುವುದಕ್ಕಿಂತ ಕೆಡವಿದ ಕೈಯೇ ಎತ್ತಬೇಕೆಂಬ ಈ ತೀರ್ಪು ನಮಗೆ ಬಹಳ ಹಿಡಿಸಿತು. ಎತ್ತುವಾಗ ಗೊತ್ತಾಗಿರಬೇಕು, ಒಂದು ಕಂಬದ ಭಾರ ಎಷ್ಟೆಂದು.

ಅಹುದು, ಆ ಭಾರವನ್ನು ಎತ್ತಿದವರು ಯಾರು? ಹಂಪಿಯ ಬಂಡೆಗಳ ಮೇಲೆ ಸಾಲಾಗಿ ಚಿಕ್ಕ ಚೌಕದ ಗುಳಿಗಳಿವೆ. ಬಂಡೆಯನ್ನು ಸೀಳಲು ಹೊಡೆದ ಗುಳಿಗಳು ಅವು. ಕೆಲವು ಬಂಡೆಗಳಲ್ಲಿ ಗುಳಿ ಹೊಡೆದು ಅರ್ಧಕ್ಕೇ ಬಿಟ್ಟಿದ್ದಾರೆ. ಕಲ್ಲು ಒಡೆಯುವ ಕಾಯಕದವರು ನಿಮ್ಮಲ್ಲಿಯೂ ಇದ್ದಾರೆ. ಅವರನ್ನು ಜೊತೆಗೆ ಕರೆದುಕೊಂಡು ಹೋಗಿರಿ, ಗೈಡಿಗಿಂತ ಚೆನ್ನಾಗಿ ವಿವರಿಸಿಯಾರು. ಕಟ್ಟಿಸಿದವರ ಹೆಸರು ಶಾಸನದಲ್ಲಿದೆ, ಉಳಿ ಹಿಡಿದವನ ಹೆಸರು ಬಹಳ ಕಡೆ ಇಲ್ಲ. ಕಾಯಕವನ್ನೇ ದೊಡ್ಡದೆಂದು ಬಗೆದ ಪರಂಪರೆಯ ನಮಗೆ ಆ ಗುಳಿಗಳೂ ದರ್ಶನಕ್ಕೆ ಯೋಗ್ಯವಾದವು.

ಇನ್ನೊಂದು ವಿಷಯವಿದೆ. ಅದನ್ನು ಯಾವ ಕಲ್ಲಿನಲ್ಲಿಯೂ ತೋರಿಸಲು ಬರುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಕದಡಿತು, ಶರಣರು ದಿಕ್ಕುಪಾಲಾದರು, ವಚನದ ಕಟ್ಟುಗಳು ಮನೆ ಮಠಗಳ ಮೂಲೆ ಸೇರಿದವು. ಅವುಗಳನ್ನು ಹುಡುಕಿ, ಕೂಡಿಸಿ, ಟೀಕೆ ಬರೆದು, ಕ್ರಮಕ್ಕೆ ತಂದ ದೊಡ್ಡ ಕಾರ್ಯ ನಡೆದದ್ದು ಹದಿನೈದನೆಯ ಶತಮಾನದಲ್ಲಿ. ಅದರ ಬಹುಭಾಗ ಈ ವಿಜಯನಗರದ ಆಸರೆಯಲ್ಲಿ. ಪ್ರೌಢದೇವರಾಯನ ಕಾಲದಲ್ಲಿ, ಎಂದರೆ 1424ರಿಂದ 1446ರವರೆಗೆ, ನೂರೊಂದು ವಿರಕ್ತರು ಅಲ್ಲಿದ್ದರೆಂದು ನಮ್ಮ ಪರಂಪರೆ ಹೇಳುತ್ತದೆ. ಲಕ್ಕಣ್ಣ ದಂಡೇಶನು ಸೇನೆ ನಡೆಸುವ ಕೈಯಿಂದಲೇ 'ಶಿವತತ್ತ್ವ ಚಿಂತಾಮಣಿ' ಬರೆದನು. ಚಾಮರಸನ 'ಪ್ರಭುಲಿಂಗಲೀಲೆ' ಆ ಕಾಲದ್ದು. 'ಶೂನ್ಯಸಂಪಾದನೆ' ರೂಪಗೊಂಡದ್ದೂ ಆ ಶತಮಾನದಲ್ಲಿಯೇ. ತಾಳೆಗರಿ ಎಷ್ಟು ಹಗುರ! ಅರಮನೆಗಳ ಬುನಾದಿ ಮಾತ್ರ ಉಳಿಯಿತು, ಗರಿಗಳು ಉಳಿದು ನಮ್ಮ ಕೈಗೆ ಬಂದವು. ಇದೇ ಪ್ರೌಢದೇವರಾಯನು 1426ರಲ್ಲಿ ಪಾರ್ಶ್ವನಾಥನಿಗೆ ಬಸದಿ ಕಟ್ಟಿಸಿದನು. ಅವನ ಕೈಕೆಳಗಿನ ಅಹಮದ್ ಖಾನನು 1439ರಲ್ಲಿ ಕಟ್ಟಿಸಿದ ಮಸೀದಿಯೂ ಅಲ್ಲಿಯೇ ಇದೆ. ಅದನ್ನೂ ನೋಡಿಬನ್ನಿರಿ.

ಇಷ್ಟು ಹೇಳಿ ಮುಗಿಸಬಹುದಾಗಿತ್ತು. ಆದರೆ ಜಗಳೂರಿನವರ ಮುಂದೆ ನೀರಿನ ಮಾತು ಬಿಟ್ಟು ಮುಗಿಸುವುದು ಹೇಗೆ?

ಆ ಪಟ್ಟಣ ಬದುಕಿದ್ದು ಕಾಲುವೆ ಕೆರೆಗಳಿಂದ. ಬೆಟ್ಟ ಬಂಡೆಗಳ ಆ ಒಣ ನೆಲದಲ್ಲಿ ತುಂಗಭದ್ರೆಗೆ ಅಣೆ ಕಟ್ಟಿ ಕಾಲುವೆ ತೋಡಿದರು. ತುರ್ತು ಕಾಲುವೆಯ ನೀರಿನಲ್ಲಿ ಇಂದಿಗೂ ಬಾಳೆ, ಕಬ್ಬು ಬೆಳೆಯುತ್ತಿವೆ. ಅರಮನೆ ಬಿದ್ದು ನಾನೂರೈವತ್ತು ವರ್ಷವಾಗಿದೆ, ಕಾಲುವೆ ಹರಿಯುತ್ತಿದೆ! ಬುಕ್ಕರಾಯನ ಮಗ ಭಾಸ್ಕರನು 1369ರಲ್ಲಿ ಕಡಪದ ಕಡೆ ಪೋರುಮಾಮಿಳ್ಳದಲ್ಲಿ ಹಾಕಿಸಿದ ಶಾಸನವು ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ 6 ದೋಷಗಳನ್ನೂ ಎಣಿಸುತ್ತದೆ. ದಿನಕ್ಕೆ 1,000 ಆಳು, 100 ಬಂಡಿ, ಎರಡು ವರ್ಷದ ಕೆಲಸವೆಂದು ಲೆಕ್ಕವೂ ಇದೆ. ಏರಿಯಲ್ಲಿ ನೀರು ಜಿನುಗುವುದು ಒಂದು ದೋಷ, ಚೌಳುಮಣ್ಣು ಒಂದು ದೋಷ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು ಇನ್ನೊಂದು ದೋಷ. ಎರಡು ಊರುಗಳ ನಡುವಣ ಕೆರೆಯ ಗತಿಯನ್ನು ನಾವು ನಿಮಗೆ ಹೇಳಬೇಕಾಗಿಲ್ಲ.

ಆ ಅರಸರದೆಲ್ಲವೂ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಹೊಸಪೇಟೆಯ ದಕ್ಷಿಣಕ್ಕಿರುವ ರಾಯರ ಕೆರೆಯನ್ನು ಕೃಷ್ಣದೇವರಾಯ ಕಟ್ಟಿಸುವಾಗ ಪೋರ್ತುಗೀಜ ಪ್ರವಾಸಿ ಪಾಯೆಸ್ ಕಣ್ಣಾರೆ ಕಂಡು ಬರೆದಿದ್ದಾನೆ: ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರು, ಏರಿ ಎರಡು ಮೂರು ಸಲ ಒಡೆಯಿತು, ದೇವರಿಗೆ ರಕ್ತ ಬೇಕೆಂದು ಹೇಳಿದವರ ಮಾತು ಕೇಳಿ ಅರಸನು 60 ಮಂದಿಯ ತಲೆ ಹೊಡೆಸಿದನು. ಏರಿ ಒಡೆದದ್ದು ಮಣ್ಣಿನ, ನೀರಿನ ಲೆಕ್ಕ ತಪ್ಪಿ. ತೆತ್ತದ್ದು ಮನುಷ್ಯರ ತಲೆ. ಇದಕ್ಕೂ ಸುಮಾರು ಮೂರೂವರೆ ಶತಮಾನ ಹಿಂದೆಯೇ ದಯೆಯಿಲ್ಲದ ಧರ್ಮ ಬೇಡವೆಂದು ಬಸವಣ್ಣನವರು ಸಾರಿದ್ದರು. ಅವರ ವಚನಗಳನ್ನು ಕಾಪಾಡಿದ ಪಟ್ಟಣದಲ್ಲಿಯೇ ಇದು ನಡೆಯಿತೆಂಬುದನ್ನು ನಾವು ಮರೆಮಾಚಬಾರದು.

ಈಗ ಅದೇ ತುಂಗಭದ್ರೆಯ ನೀರನ್ನು ದೀಟೂರಿನ ಬಳಿ ಎತ್ತಿ ನಿಮ್ಮ ತಾಲ್ಲೂಕಿನ 57 ಕೆರೆಗಳಿಗೆ ತುಂಬಿಸುವ ಯೋಜನೆ ಬಂದಿದೆ. ಎಷ್ಟೋ ವರ್ಷ ಒಣಗಿದ್ದ ಕೆರೆಗೆ ನೀರು ಬಂದಾಗ ಹೆಣ್ಣುಮಕ್ಕಳು ಆರತಿ ಹಿಡಿದು ನಿಂತದ್ದನ್ನು ನೀವೇ ಬಲ್ಲಿರಿ. ಸಂತೋಷ. ಆದರೆ ಕೊಳವೆಯಲ್ಲಿ ಬಂದ ನೀರು ನಿಲ್ಲಬೇಕಾದರೆ ಅಂಗಳದ ಜಾಲಿ ಕೀಳಬೇಕು, ಒತ್ತಿದ ಹೊಲ ಬಿಡಬೇಕು, ತೂಬು ಸರಿಮಾಡಬೇಕು. ಒತ್ತಿದವರು ಈ ಸಭೆಯಲ್ಲಿಯೂ ಇರಬಹುದು. ಮುಂದಿನ ಸಾಲಿನಲ್ಲಿಯೇ ಇರಬಹುದು. ಹೆಸರು ಹೇಳಿಸಬೇಡಿರಿ.

ಈ ವರ್ಷ ಹಂಪಿಗೆ ಹೋಗುವವರು ಕಮಲಾಪುರದ ಕೆರೆಯ ಏರಿಯ ಬಳಿ ಬಸ್ಸನ್ನು ಹತ್ತು ನಿಮಿಷ ನಿಲ್ಲಿಸಿರಿ. ಅದು ಆ ರಾಜಧಾನಿಗೆ ನೀರು ಕೊಟ್ಟ ಕೆರೆ, ಇನ್ನೂ ನೀರು ಹಿಡಿದು ನಿಂತಿದೆ. ಬುತ್ತಿಯನ್ನು ಅಲ್ಲಿಯೇ ಬಿಚ್ಚಿರಿ. ಎಲೆ ಕಾಗದಗಳನ್ನು ಮಾತ್ರ ಬಸ್ಸಿನಲ್ಲಿಯೇ ಹಾಕಿಕೊಂಡು ಬನ್ನಿರಿ. ಬಂದ ಮೇಲೆ ನಾವು ಮತ್ತೆ ಕೇಳುತ್ತೇವೆ.