ಪಗಾರದಲ್ಲಿ ಮುರಿಯದೆ ಉಳಿದ ತೆರಿಗೆ



ಪಗಾರದ ಚೀಟಿಯಲ್ಲಿ ಪಿ.ಟಿ. ಎಂದು ತಿಂಗಳಿಗೆ 200 ರೂಪಾಯಿ, ಫೆಬ್ರುವರಿಯಲ್ಲಿ 300 ರೂಪಾಯಿ ಮುರಿದುದನ್ನು ನೋಡಿ ‘ನಮ್ಮ ಟ್ಯಾಕ್ಸು ಹೋಯಿತು’ ಎಂದು ನಿಶ್ಚಿಂತರಾಗುವವರು ನಮ್ಮಲ್ಲಿ ಬಹಳ ಮಂದಿ. ಅದು ಮಹಾರಾಷ್ಟ್ರ ಸರಕಾರದ ವೃತ್ತಿ ತೆರಿಗೆ. ಕೇಂದ್ರ ಸರಕಾರದ ಆದಾಯ ತೆರಿಗೆಯೇ ಬೇರೆ. ಆ ಸಾಲಿನಲ್ಲಿ ಸೊನ್ನೆ ಇದ್ದರೆ, ಒಂದೋ ತೆರಿಗೆ ಬೀಳುವಷ್ಟು ಆದಾಯ ನಮಗಿಲ್ಲ, ಇಲ್ಲವೆ ಬೀಳಬೇಕಾದ್ದನ್ನು ಯಾರೂ ಮುರಿದಿಲ್ಲ.

ಪಾತ್ರೆ ತೊಳೆಯುವ, ಟೇಬಲು ಒರಸುವ ಸೋದರರಿಗೆ ಈ ಚಿಂತೆ ಇಲ್ಲ. ಪಗಾರ ಏರಿದ ಅಡಿಗೆಯವರು, ಮ್ಯಾನೇಜರರು, ಪಿಂಪ್ರಿ-ಚಿಂಚವಡದ ಕಾರಖಾನೆಗಳಲ್ಲಿ ಸುಪರ್‌ವೈಜರರಾದವರು ಕಿವಿಗೊಡಬೇಕು.

ಧಣಿಗಳು ತೆರಿಗೆ ಮುರಿಯುವುದು ಅಂದಾಜಿನ ಮೇಲೆ. ವರ್ಷದ ಪಗಾರ ಎಷ್ಟಾದೀತೆಂದು ಎಣಿಸಿ, ಅದರ ತೆರಿಗೆಯನ್ನು ತಿಂಗಳುಗಳಿಗೆ ಹಂಚುತ್ತಾರೆ. ತಮಗೆ ಕಾಣುವ ಪಗಾರಕ್ಕೆ ಮಾತ್ರ! ಹೋಟೆಲು ಬದಲಿಸುವುದು ನಮ್ಮ ಕಸುಬಿನ ಗುಣ. ತೊಡಕು ಬರುವುದೂ ಅಲ್ಲೇ.

2024-25ರ ಲೆಕ್ಕ ನೋಡೋಣ. ತಿಂಗಳಿಗೆ 75,000 ರೂಪಾಯಿಯ ಮುಖ್ಯ ಅಡಿಗೆಯವರೊಬ್ಬರು ಸಪ್ಟೆಂಬರದವರೆಗೆ ಒಂದು ಕಡೆ, ಆಮೇಲೆ ಇನ್ನೊಂದು ಕಡೆ ದುಡಿದರೆನ್ನಿ. ವರ್ಷಕ್ಕೆ 9 ಲಕ್ಷ. ಅದರಲ್ಲಿ 75,000 ಬಿಟ್ಟು, ಹೊಸ ಪದ್ಧತಿಯಲ್ಲಿ ತೆರಿಗೆ 32,500. ಸೆಸ್ಸು ಸೇರಿ 33,800. ಮೊದಲಿನವರು ವರ್ಷದ ಅಂದಾಜು ಹಿಡಿದು ಅದರಲ್ಲಿ ಅರ್ಧ, 16,900, ಮುರಿದರು. ಎರಡನೆಯವರಿಗೆ ಕಂಡದ್ದು ತಾವು ಕೊಡುವ ನಾಲ್ಕೂವರೆ ಲಕ್ಷ. ಅಷ್ಟಕ್ಕೆ ತೆರಿಗೆಯೇ ಇಲ್ಲ. ಉಳಿದ 16,900 ಕೈಗೆ ಬಂತು, ಖೋಲಿಯ ಬಾಡಿಗೆಗೆ ಹೋಯಿತು, ಊರಿಗೂ ಹೋಯಿತು. ರಿಟರ್ನು ತುಂಬುವ ದಿನ ಅದೇ ಬಾಕಿಯಾಗಿ ಎದುರು ನಿಂತಿತು. ಬಾಕಿ 10,000 ಮುಟ್ಟಿದರೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ ಬೇರೆ. ಧಣಿ ಮುರಿಯಲಿಲ್ಲವೆಂಬ ಮಾತು ಅಲ್ಲಿ ನಡೆಯದು.

2025-26ರ ಸಾಲಿಗೆ, ಹೊಸ ಪದ್ಧತಿಯಲ್ಲಿ, 12 ಲಕ್ಷ 75 ಸಾವಿರದವರೆಗಿನ ಪಗಾರಕ್ಕೆ ತೆರಿಗೆ ಬೀಳದಂತಾಯಿತು. ನಮ್ಮಲ್ಲಿ ಅನೇಕರು ಪಾರಾದರು. ಹಿಂದಿನ ವರ್ಷಗಳ ಬಾಕಿ ಅದರಿಂದ ಅಳಿಯಲಿಲ್ಲ.

ಕೆಲಸ ಬದಲಿಸಿದಾಗ ಹಿಂದಿನ ಪಗಾರ, ಅಲ್ಲಿ ಮುರಿದ ತೆರಿಗೆ ಎರಡನ್ನೂ ಹೊಸಬರಿಗೆ ಬರೆದು ಕೊಡಬೇಕು. ಅದಕ್ಕೆ ನಮೂನೆಯೇ ಇದೆ. ಆಗ ಅವರು ಎರಡನ್ನೂ ಕೂಡಿಸಿ ಮುರಿಯುತ್ತಾರೆ. ಹಿಂದಿನದನ್ನು ಹೇಳಿದರೆ ಇಲ್ಲಿ ಕಡಿಮೆ ಕೊಟ್ಟಾರು ಎಂಬ ಅಂಜಿಕೆ ನಮಗಿದೆ, ಅದು ಸುಳ್ಳಲ್ಲ. ಹೊಸ ಪಗಾರ ಗೊತ್ತಾದ ಮೇಲೆ ಕೊಟ್ಟರಾಯಿತು.

ಇನ್ನು, ಚೀಟಿಯಲ್ಲಿ ತೆರಿಗೆ ಮುರಿದಿದೆ, ಧಣಿ ಅದನ್ನು ಸರಕಾರಕ್ಕೆ ಕಟ್ಟಿಲ್ಲ ಎನ್ನಿ. ಅದರ ನ್ಯಾಯ ಬೇರೆ. 1961ರ ಕಾಯಿದೆಯ 205ನೆಯ ಕಲಮು, ಒಮ್ಮೆ ಮುರಿದ ತೆರಿಗೆಯನ್ನು ನೌಕರನಿಂದ ಮತ್ತೆ ಕೇಳಕೂಡದೆಂದಿತು. 2007ರಲ್ಲಿ ಮುಂಬಯಿ ಹೈಕೋರ್ಟೂ ಹಾಗೆಯೇ ತೀರ್ಪು ಕೊಟ್ಟಿತು. ಆದರೆ ಮುರಿದದ್ದನ್ನು ತೋರಿಸಬೇಕಾದವರು ನಾವು. ನೋಟು ಎಣಿಸಿ ಕೈಗಿಡುವ ಕಡೆ ನಮ್ಮ ಹತ್ತಿರ ಏನಿರುತ್ತದೆ? ಚೀಟಿ ಕೇಳಿ ಪಡೆಯಿರಿ. ಎರಡು ವರ್ಷದ ಚೀಟಿ, ಬ್ಯಾಂಕಿನ ಪಾಸುಬುಕ್ಕು ಹಿಡಿದು ಮಧ್ಯಾಹ್ನದ ಬಿಡುವಿನಲ್ಲಿ ಸಂಘಕ್ಕೆ ಬನ್ನಿ. ಕೂತು ಲೆಕ್ಕ ಹಾಕೋಣ.