ಅರಿತು ಮುಟ್ಟುವ ಕೆಲಸ

(ಶತಮಾನೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಾರ್ಖಾನೆಯ ಯಂತ್ರಗಳನ್ನು ಸುಸ್ಥಿತಿಯಲ್ಲಿಡುವ ತಂತ್ರಜ್ಞನಿಗೂ ಈ ವೇದಿಕೆಯಲ್ಲಿ ಸ್ಥಾನ ನೀಡಿದ ಸಮಿತಿಗೆ ನಾನು ಕೃತಜ್ಞ. ನಮ್ಮನ್ನು ‘ಮೆಂಟೆನೆನ್ಸ್‌ನವರು’ ಎಂದು ಕರೆಯುತ್ತಾರೆ. ಯಂತ್ರ ಓಡುತ್ತಿರುವಾಗ ನಮ್ಮ ನೆನಪು ಯಾರಿಗೂ ಬಾರದು; ನಿಂತ ಕ್ಷಣದಲ್ಲಿ ಎಲ್ಲರಿಗೂ ಬರುತ್ತದೆ.

ನಮ್ಮದು ಗಡಿಯ ಸೀಮೆ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ ತಾಲ್ಲೂಕು ಅನಂತಪುರಕ್ಕೆ ಸೇರಿತು. ಮಡಕಶಿರಾದ ಊರುಗಳಂತೂ ಕರ್ನಾಟಕದೊಳಕ್ಕೆ ಚಾಚಿಕೊಂಡಿವೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಇದು ನಮಗೆ ಸಹಜ. ಆದರೆ ಈಚೆಗೆ ತಂದೆತಾಯಿಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಕಾರ್ಖಾನೆಯಲ್ಲಿ ಬದುಕು ಸಿಕ್ಕೀತೇ? ಇದಕ್ಕೆ ಅಭಿಮಾನದಿಂದ ಉತ್ತರಿಸುವುದಕ್ಕಿಂತ ನನ್ನ ಕೆಲಸದ ಸ್ವರೂಪವನ್ನು ತಿಳಿಸಿ ಉತ್ತರಿಸುವುದು ಮೇಲೆಂದು ಭಾವಿಸುತ್ತೇನೆ.

ಕೆಲಸವೇನೋ ಸಮೀಪದಲ್ಲಿಯೇ ಇದೆ. ಹಿಂದೂಪುರದ ಸುತ್ತ ತೂಮುಕುಂಟ, ಗೊಲ್ಲಾಪುರಗಳಲ್ಲಿ ಕೈಗಾರಿಕಾ ಪ್ರದೇಶಗಳಿವೆ. ಪೆನುಕೊಂಡದ ಬಳಿ ಕಿಯಾ ಕಾರು ಕಾರ್ಖಾನೆ 2019ರಲ್ಲಿ ಉತ್ಪಾದನೆ ಆರಂಭಿಸಿತು. ಕಲ್ಯಾಣದುರ್ಗದ ಕಡೆ ಗಾಳಿಯಂತ್ರಗಳು ತಿರುಗುತ್ತಿವೆ. ಗೇರ್‌ಬಾಕ್ಸ್ ಉಳ್ಳ ಗಾಳಿಯಂತ್ರದಲ್ಲಿ ರೆಕ್ಕೆಗಳು ನಿಮಿಷಕ್ಕೆ ಹದಿನೈದಿಪ್ಪತ್ತು ಸುತ್ತು ಸುತ್ತಿದರೆ, ಆ ಗತಿಯನ್ನು ಸಾವಿರಕ್ಕೂ ಹೆಚ್ಚಿಸಿ ಜನರೇಟರಿಗೆ ಒಪ್ಪಿಸಲಾಗುತ್ತದೆ. ಅಲ್ಲಿ ಕಬ್ಬಿಣದ ವಿದ್ಯೆಯೂ ವಿದ್ಯುತ್ತಿನ ವಿದ್ಯೆಯೂ ಒಂದೇ ಕಂಬದ ಮೇಲೆ ಕೂಡಿವೆ. ಎರಡನ್ನೂ ಬಲ್ಲವನೇ ನಮ್ಮಲ್ಲಿ ತಂತ್ರಜ್ಞ.

ಮಕ್ಕಳೇ, ಈ ವಿದ್ಯೆಯ ಮೊದಲ ಪಾಠ ನಿಮ್ಮ ಹೊಲದಲ್ಲಿಯೇ ಇದೆ. ಕೊಳವೆಬಾವಿಯ ಮೋಟಾರಿಗೆ ಮೂರು ಫೇಸ್ ಬೇಕು. ಓಡುತ್ತಿರುವಾಗ ಒಂದು ಫೇಸ್ ಹೋದರೆ ಉಳಿದೆರಡು ತಂತಿಗಳಲ್ಲಿ ವಿದ್ಯುತ್ ಪ್ರವಾಹ ಹೆಚ್ಚುತ್ತದೆ. ರಕ್ಷಣೆ ಇಲ್ಲದಿದ್ದರೆ ವೈಂಡಿಂಗ್ ಸುಡುತ್ತದೆ. ಸ್ಟಾರ್ಟರಿನೊಳಗಿನ ರಿಲೇ ಇರುವುದು ಅದನ್ನು ತಡೆಯಲಿಕ್ಕೆ. ಕಾರ್ಖಾನೆಯ 415 ವೋಲ್ಟಿನ ಮೋಟಾರಿಗೂ ಇದೇ ನಿಯಮ.

ನಾನು ಕೆಲಸ ಮಾಡಿದ ಒಂದೆಡೆ ಒಂದೇ ಮೋಟಾರು ಮೂರು ಬಾರಿ ಸುಟ್ಟಿತು. ಪ್ರತಿಬಾರಿಯೂ ವೈಂಡಿಂಗ್ ಕಟ್ಟಿಸಿ ಕೂರಿಸಲಾಯಿತು. ಅಲ್ಲಿ ಸರಕು ಹೊರುತ್ತಿದ್ದ ವಯಸ್ಸಾದ ಕೆಲಸಗಾರರೊಬ್ಬರು ನನ್ನೊಡನೆ ಕನ್ನಡದಲ್ಲಿ, “ಮೂರು ಗಂಟೆ ಮ್ಯಾಲೆ ಇದರ ಸದ್ದೇ ಬ್ಯಾರೆ ಆಗ್ತದೆ ಕಣಪ್ಪಾ” ಎಂದರು. ಆ ಹೊತ್ತಿಗೇ ಕಾದು ಅಳೆದೆವು. ಕಾಂಟ್ಯಾಕ್ಟರಿನ ಒಂದು ಜೋಡಣೆ ಸಡಿಲವಾಗಿ, ದಿನದ ಕಾವೇರಿದಂತೆ ಆ ಫೇಸಿನ ವೋಲ್ಟೇಜು ಕುಸಿಯುತ್ತಿತ್ತು. ಪದೇ ಪದೇ ಟ್ರಿಪ್ ಆಗುತ್ತದೆಂಬ ಕಾರಣಕ್ಕೆ ರಿಲೇಯ ಮಿತಿಯನ್ನು ಯಾರೋ ಮೋಟಾರಿನ ಮಿತಿಗಿಂತ ಮೇಲಕ್ಕೆ ಏರಿಸಿದ್ದರು. ಎಚ್ಚರಿಸುವ ಬಾಯಿಯನ್ನೇ ಕಟ್ಟಿದ್ದರೆಂದಾಯಿತು. ಜೋಡಣೆಯನ್ನು ಬದಲಿಸಿ, ರಿಲೇಯನ್ನು ಸರಿಯಾದ ಮಿತಿಗೆ ಇಳಿಸಿದ ಮೇಲೆ ಆ ಮೋಟಾರು ನಾನಿರುವವರೆಗೂ ಸುಡಲಿಲ್ಲ.

ಟೊಯೋಟ ಕಂಪನಿಯ ತಾಯಿಚಿ ಓನೊ ಎಂಬ ತಜ್ಞರು ‘ಏಕೆ’ ಎಂದು ಐದು ಸಲ ಕೇಳಬೇಕೆಂದು ಬೋಧಿಸಿದರು. ಯಂತ್ರವೇಕೆ ನಿಂತಿತು? ಫ್ಯೂಸ್ ಹೋಯಿತು. ಅದೇಕೆ? ಬೇರಿಂಗಿಗೆ ಎಣ್ಣೆ ಸಾಲದೆ ಹೊರೆ ಹೆಚ್ಚಿತು. ಎಣ್ಣೆಯೇಕೆ ಸಾಲಲಿಲ್ಲ? ಪಂಪು ಸರಿಯಾಗಿ ಎತ್ತಲಿಲ್ಲ. ಅದೇಕೆ? ಪಂಪಿನ ಅಚ್ಚು ಸವೆದಿತ್ತು. ಅಚ್ಚೇಕೆ ಸವೆಯಿತು? ಜಾಲರಿ ಇಲ್ಲದ್ದರಿಂದ ಲೋಹದ ಚೂರು ಒಳಹೊಕ್ಕಿತು. ಫ್ಯೂಸ್ ಮಾತ್ರ ಬದಲಿಸುವವನು ಅದೇ ಯಂತ್ರದ ಮುಂದೆ ಮತ್ತೆ ನಿಲ್ಲಬೇಕಾಗುತ್ತದೆ. ಜಾಲರಿ ಹಾಕುವವನು ಕೆಲಸ ಮುಗಿಸಿದಂತೆ. ಹೀಗೆ ಐದನೆಯ ‘ಏಕೆ’ಯವರೆಗೆ ಇಳಿಯಬೇಕಾದರೆ ಅಂಜಿಕೆಯಿಲ್ಲದೆ ಯೋಚಿಸುವ ಭಾಷೆಯೊಂದು ಬೇಕು. ನನಗೆ ಅದನ್ನು ಕೊಟ್ಟದ್ದು ಈ ಶಾಲೆ.

ಇನ್ನು ಪ್ರಾಣದ ಮಾತು. ಯಂತ್ರಕ್ಕೆ ಕೈಯಿಡುವ ಮುನ್ನ ಸ್ವಿಚ್ಚು ತೆಗೆದು ನಮ್ಮದೇ ಬೀಗ ಹಾಕಿ, ಹೆಸರಿನ ಚೀಟಿ ಕಟ್ಟುತ್ತೇವೆ. ಬೀಗ ಹಾಕಿದವನೇ ಅದನ್ನು ತೆಗೆಯಬೇಕು. ಅನಂತರ ಪರೀಕ್ಷಾ ಮಾಪಕವನ್ನು ವಿದ್ಯುತ್ ಇರುವುದೆಂದು ಗೊತ್ತಿರುವ ಕಡೆ ಹಿಡಿದು ಅದು ಸರಿಯಿದೆಯೇ ಎಂದು ನೋಡುತ್ತೇವೆ. ಆಮೇಲೆ ನಾವು ಮುಟ್ಟಬೇಕಾದ ತಂತಿಗೆ ಹಿಡಿಯುತ್ತೇವೆ. ಮತ್ತೊಮ್ಮೆ ಮೊದಲಿನ ಕಡೆ ಹಿಡಿಯುತ್ತೇವೆ. ಮಾಪಕವೇ ಕೆಟ್ಟಿದ್ದರೆ ಅದು ಜೀವಂತ ತಂತಿಯನ್ನೂ ಸತ್ತದ್ದೆಂದು ತೋರಿಸೀತು. ವಿದ್ಯುತ್ ಕಡಿದ ಮೇಲೂ ಕೆಪಾಸಿಟರಿನಲ್ಲಿ ಅದು ಉಳಿದಿರಬಹುದು. ಎತ್ತಿದ ಭಾರ ಜಾರಬಹುದು. ಇಲ್ಲಿ ಅತ್ಯಂತ ಅಪಾಯಕಾರಿಯಾದ ಪದವೆಂದರೆ, ಅರ್ಥವಾಗದೆ ಆಡುವ ‘ಸರಿ ಸಾರ್’ ಎಂಬುದು. ಸೂಚನೆ ತಿಳಿಯದಿದ್ದರೂ ನಾಚಿಕೆಯಿಂದ ತಲೆಯಾಡಿಸುವವನು ತನ್ನ ಜೀವವನ್ನೂ ಜೊತೆಗಾರನ ಜೀವವನ್ನೂ ಪಣಕ್ಕಿಡುತ್ತಾನೆ.

ಆದ್ದರಿಂದ ಪೋಷಕರಲ್ಲಿ ನನ್ನ ಬಿನ್ನಹವಿದು. ಇಂಗ್ಲಿಷ್ ಬೇಡವೆಂದು ನಾನು ಹೇಳಲಾರೆ. ಕೈಪಿಡಿಗಳೂ ನಕ್ಷೆಗಳೂ ಬಹುಪಾಲು ಇಂಗ್ಲಿಷಿನಲ್ಲಿವೆ, ಕಲಿಯಲೇಬೇಕು. ತೆಲುಗು, ಹಿಂದಿಗಳೂ ಬೇಕು. ಆದರೆ ಅರ್ಥವಾಗದ್ದನ್ನು ಅರ್ಥವಾಗಲಿಲ್ಲವೆನ್ನುವ ಧೈರ್ಯ ಮಗುವಿಗೆ ಮೊದಲು ತಾಯ್ನುಡಿಯಲ್ಲಿ ಬರುತ್ತದೆ. ಆ ಬುನಾದಿಯ ಮೇಲೆ ಉಳಿದ ಭಾಷೆಗಳನ್ನು ಕಟ್ಟಬಹುದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದಂದಿನಿಂದ ಕನ್ನಡಿಗರು ಈ ಕಸುಬಿನಲ್ಲಿದ್ದಾರೆ. ಮೋಟಾರು, ಫ್ಯೂಸು, ಸ್ಟಾರ್ಟರುಗಳು ನಮ್ಮ ಮಾತೇ ಆಗಿಹೋಗಿವೆ.

ವಿದ್ಯಾರ್ಥಿಗಳೇ, ಹತ್ತನೆಯ ತರಗತಿಯ ನಂತರ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಅಥವಾ ಫಿಟ್ಟರ್ ವಿಷಯವನ್ನು ಎರಡು ವರ್ಷ ಓದಬಹುದು. ಹೆಣ್ಣುಮಕ್ಕಳೂ ಬನ್ನಿ, ಯಂತ್ರಕ್ಕೆ ಬೇಕಾದದ್ದು ಕಿವಿ, ಕಣ್ಣು, ತಾಳ್ಮೆ. ಒಂದು ಪುಸ್ತಕದಲ್ಲಿ ನೋಡಿದ್ದನ್ನು, ಕೇಳಿದ್ದನ್ನು, ಅಳೆದದ್ದನ್ನು ದಿನಾಂಕ ಹಾಕಿ ಬರೆದಿಡಿ. ಕನ್ನಡದಲ್ಲಿಯೇ ಬರೆಯಿರಿ. ನನ್ನ ಅಂಥ ಪುಸ್ತಕಗಳನ್ನು ಈ ಶಾಲೆಯ ಗ್ರಂಥಾಲಯಕ್ಕೆ ಇಂದು ಒಪ್ಪಿಸುತ್ತಿದ್ದೇನೆ. ತೆರೆದು ಓದಿ, ತಿಳಿಯದ್ದನ್ನು ಕೇಳಿ.