ಅವಸರದ ಮರಿ
ಯೆಮೆನ್ ಗೋಸುಂಬೆ ತೇವದ ನೆಲದಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ ಹೊರಟುಬಿಡುತ್ತದೆ. ಮತ್ತೆ ಅತ್ತ ಸುಳಿಯುವುದಿಲ್ಲ. ಆರೇಳು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು, ಕಾವು ಕೊಡುವುದು ನೆಲದ ಬಿಸಿಯೇ.

ಸಾಕುವವರು ಆ ನೆಲವನ್ನೇ ಡಬ್ಬಿಯೊಳಗೆ ಸಿದ್ಧಪಡಿಸುತ್ತಾರೆ: ವರ್ಮಿಕ್ಯುಲೈಟ್ ಎಂಬ ಖನಿಜದ ಒದ್ದೆ ಹರಳು, ಸುಮಾರು 27 ಡಿಗ್ರಿ ಸೆಲ್ಸಿಯಸ್ ಶಾಖ. ಮೊಟ್ಟೆ ಉರುಳಿದರೆ ಭ್ರೂಣಕ್ಕೆ ಅಪಾಯ. ಹಾಗಾಗಿ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು. ನೀರು ಹೆಚ್ಚಾದರೆ ಬೂಸ್ಟು, ಕಡಿಮೆಯಾದರೆ ಸಿಪ್ಪೆ ಗುಳಿಬೀಳುತ್ತದೆ.

ಕೆಲವು ಮರಿಗಳಿಗೆ ಅವಸರ. ಹೊಟ್ಟೆಗಂಟಿದ ಹಳದಿ ಚೀಲ ಕರಗುವ ಮುನ್ನವೇ ಹೊರಬರುತ್ತವೆ. ಚೀಲವನ್ನು ಎಳೆಯುವಂತಿಲ್ಲ, ಕತ್ತರಿಸುವಂತಿಲ್ಲ. ಮರಿಯ ಬುತ್ತಿ ಇರುವುದು ಅದರಲ್ಲೇ. ಒದ್ದೆ ಟಿಶ್ಯೂ ಹಾಸಿ, ಅದೇ ಬೆಚ್ಚನೆಯ ಕತ್ತಲಲ್ಲಿ ಬಿಡಬೇಕು. ಇಲ್ಲಿ ಆರೈಕೆಯೆಂದರೆ ಬಹುಪಾಲು ಕೈ ಹಾಕದಿರುವುದೇ. ಚೀಲ ಪೂರ್ತಿ ಒಳಸೇರಿದ ಮೇಲೆ ತೆಳು ಕಡ್ಡಿ, ಹಣ್ಣುನೊಣ, ಎಲೆಯ ಮೇಲೆ ನೀರಿನ ತುಂತುರು.

ನಮ್ಮ ತೋಟದ ಬೇಲಿಯ ಗೋಸುಂಬೆಯನ್ನು ಮಾತ್ರ ಹೀಗೆ ಮನೆಗೆ ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಕಾಯುತ್ತದೆ.